ರಾಸ್ಕೋಲ್ನಿಕೋವ್ ಕಂಡ ಕುದುರೆಯ ಕನಸು

ಪ್ರಶ್ನೆ: ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಮೊದಲ ಸಲ ಓದುತ್ತಿದ್ದೇನೆ. ಬಡ ಯುವಕ ರಾಸ್ಕೋಲ್ನಿಕೋವ್ ಬಡ್ಡಿ ವ್ಯವಹಾರದ ಮುದುಕಿಯೊಬ್ಬಳನ್ನು ಕೊಲ್ಲಲು ಇನ್ನೊಂದೇ ದಿನ ಉಳಿದಿರುವಾಗ ಕಥೆಯನ್ನು ತಡೆದು ನಿಲ್ಲಿಸಿ, ಕುದುರೆಯೊಂದನ್ನು ಹೊಡೆದು ಸಾಯಿಸುವ ಕನಸನ್ನು ಪುಟಗಟ್ಟಲೆ ವರ್ಣಿಸಿರುವುದೇಕೆ? ಅದರಿಂದ ರಾಸ್ಕೋಲ್ನಿಕೋವ್‌ನ ನಿರ್ಧಾರವೇನೂ ಬದಲಾಗುವುದಿಲ್ಲವಲ್ಲ?

ಉತ್ತರ: ನಿರ್ಧಾರ ಬದಲಾಗುತ್ತದೆ, ಆದರೆ ಸ್ವಲ್ಪ ಹೊತ್ತಿನ ಮಟ್ಟಿಗೆ. ಅಷ್ಟು ಹೊತ್ತು ಅವನು ಯಾರಾಗಿದ್ದ ಎಂಬುದನ್ನು ತೋರಿಸುವುದಕ್ಕಾಗಿಯೇ ಆ ಪುಟಗಳಿವೆ ಎಂದು ನಾನು ನಂಬಿದ್ದೇನೆ.

ಪೀಟರ್ಸ್‌ಬರ್ಗ್‌ನ ಒಂದು ದ್ವೀಪದ ಪೊದೆಗಳ ನಡುವೆ, ಬಳಲಿಕೆಯ ಮೇಲೆ ಕುಡಿದ ವೋಡ್ಕಾದ ಮಂಪರಿನಲ್ಲಿ ಅವನಿಗೆ ನಿದ್ದೆ ಹತ್ತುತ್ತದೆ. ಕನಸಿನಲ್ಲಿ ಅವನು ಏಳು ವರ್ಷದ ಹುಡುಗ. ತಂದೆಯ ಕೈ ಹಿಡಿದು ಹೆಂಡದಂಗಡಿಯ ಪಕ್ಕದ ದಾರಿಯಲ್ಲಿ ಸ್ಮಶಾನದ ಕಡೆಗೆ ನಡೆಯುತ್ತಿದ್ದಾನೆ. ಭಾರಿ ಕುದುರೆಗಳು ಎಳೆಯುವಂಥ ದೊಡ್ಡ ಗಾಡಿಗೆ ಬಡಕಲು ಹೆಣ್ಣು ಕುದುರೆಯೊಂದನ್ನು ಹೂಡಿ, ಮಿಕೋಲ್ಕಾ ಎಂಬ ರೈತ ಕುಡಿದ ಗುಂಪನ್ನೆಲ್ಲ ಗಾಡಿಗೆ ಹತ್ತಿಸಿಕೊಳ್ಳುತ್ತಾನೆ. ಕುದುರೆಗೆ ಎಳೆಯಲಾಗುವುದಿಲ್ಲ. ಕಣ್ಣಿನ ಮೇಲೆಯೇ ಚಾಟಿಯೇಟು ಬೀಳುತ್ತದೆ, ಆಮೇಲೆ ಗಾಡಿಯ ಮರದ ದಂಡ, ಕೊನೆಗೆ ಕಬ್ಬಿಣದ ಹಾರೆ. ಬೇಡವೆಂದು ಕೂಗಿದವರಿಗೆ ಮಿಕೋಲ್ಕಾ ಕೊಡುವ ಉತ್ತರ, ಅದು ತನ್ನ ಸ್ವತ್ತು ಎಂಬುದೊಂದೇ. ಸತ್ತ ಕುದುರೆಯ ರಕ್ತಸಿಕ್ತ ಮೂತಿಯನ್ನು ತಬ್ಬಿ, ಅದರ ಕಣ್ಣಿಗೂ ತುಟಿಗೂ ಮುತ್ತಿಟ್ಟು, ಹುಡುಗ ತನ್ನ ಪುಟ್ಟ ಮುಷ್ಟಿ ಬಿಗಿದುಕೊಂಡು ಕೊಂದವನ ಮೇಲೆ ನುಗ್ಗುತ್ತಾನೆ. ಅವರು ಕುಡಿದಿದ್ದಾರೆ, ನಮಗೇಕೆ, ನಡೆ ಎಂದು ತಂದೆ ಅವನನ್ನು ಎಳೆದುಕೊಂಡು ಹೋಗುತ್ತಾನೆ.

ಈ ಕನಸಿನಲ್ಲಿ ರಾಸ್ಕೋಲ್ನಿಕೋವ್ ಯಾರು? ಹುಡುಗನೆಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ಆದರೆ ಬೆವತು ಎದ್ದ ಕೂಡಲೇ ಅವನ ಬಾಯಿಂದ ಬರುವುದು, ತಾನು ನಿಜವಾಗಿಯೂ ಕೊಡಲಿ ಹಿಡಿದು ಅವಳ ತಲೆ ಒಡೆಯುವೆನೇ ಎಂಬ ಮಾತು. ಅಂದರೆ ಮಿಕೋಲ್ಕಾ ಕೂಡ ತಾನೇ ಎಂದು ಅವನಿಗೆ ಹೊಳೆದಿದೆ. ಬಡ್ಡಿಗೆ ಹಣ ಕೊಡುವ ಮುದುಕಿ ಯಾರಿಗೂ ಬೇಡದ ಜೀವ, ಅವಳನ್ನು ಕೊಲ್ಲುವುದು ಲೆಕ್ಕದ ಮಾತು ಎಂದು ಎಚ್ಚರದಲ್ಲಿ ವಾದ ಹೂಡಿದ್ದವನಿಗೆ, ಏಟು ತಿನ್ನುವ ಮೈ ಹೇಗಿರುತ್ತದೆಂಬುದನ್ನು ನಿದ್ದೆ ತೋರಿಸಿಕೊಟ್ಟಿದೆ.

ಇಲ್ಲಿ ಕನ್ನಡದ ಓದುಗರಿಗೊಂದು ತೊಡಕಿದೆ. ನಿದ್ದೆಯಲ್ಲಿ ಕಾಣುವುದನ್ನೂ ಎಚ್ಚರದಲ್ಲಿ ಹಂಬಲಿಸುವುದನ್ನೂ ನಾವು ಕನಸೆಂದೇ ಕರೆಯುತ್ತೇವೆ. ರಷ್ಯನ್ ಭಾಷೆಯಲ್ಲಿ ಮೊದಲನೆಯದು ‘ಸೋನ್’, ಎರಡನೆಯದು ‘ಮೆಚ್ತಾ’. ಕೊಲೆಯ ಯೋಜನೆಯನ್ನು ಕಾದಂಬರಿಯ ಮೊದಲ ಅಧ್ಯಾಯವೇ ‘ಮೆಚ್ತಾ’ ಎಂದು ಕರೆದಿರುತ್ತದೆ. ಕುದುರೆಯ ‘ಸೋನ್’ನಿಂದ ಎಚ್ಚೆತ್ತು ದೇವರಿಗೆ ಮೊರೆಯಿಡುವಾಗ ತಾನು ತೊರೆಯುತ್ತೇನೆಂದು ಅವನು ಹೇಳುವುದೂ ಆ ಶಾಪಗ್ರಸ್ತ ‘ಮೆಚ್ತಾ’ವನ್ನೇ. ಅನುವಾದದಲ್ಲಿ ಎರಡಕ್ಕೂ ಒಂದೇ ಪದ ಬಂದರೆ, ಇರುಳಿನ ಕನಸು ಹಗಲಿನ ಕನಸಿನ ವಿರುದ್ಧ ಸಾಕ್ಷಿ ನುಡಿಯುತ್ತಿದೆ ಎಂಬುದು ನಮ್ಮ ಗಮನಕ್ಕೆ ಬಾರದೆ ಹೋಗಬಹುದು.

ಸೇತುವೆಯ ಮೇಲೆ ನೆವಾ ನದಿಯನ್ನೂ ಮುಳುಗುವ ಸೂರ್ಯನನ್ನೂ ನೋಡುತ್ತ ಅವನು ಬಿಡುಗಡೆ ಹೊಂದಿದವನಂತೆ ನಡೆಯುತ್ತಾನೆ. ಆಮೇಲೆ ಅಗತ್ಯವೇ ಇಲ್ಲದೆ ಸೆನ್ನಾಯಾ ಸಂತೆಯ ದಾರಿ ಹಿಡಿಯುತ್ತಾನೆ. ಮರುದಿನ ಸಂಜೆ ಏಳಕ್ಕೆ ಮುದುಕಿಯ ತಂಗಿ ಲಿಜಾವೆತಾ ಮನೆಯಲ್ಲಿರುವುದಿಲ್ಲ ಎಂಬ ಮಾತು ಅಲ್ಲಿ ಅವನ ಕಿವಿಗೆ ಬೀಳುತ್ತದೆ, ಸಿಕ್ಕ ಬಿಡುಗಡೆ ಅಲ್ಲಿಗೆ ಮುಗಿಯುತ್ತದೆ.

ಇಷ್ಟಾದರೂ ಆ ಕುದುರೆ ಕಾದಂಬರಿಯಿಂದ ಮರೆಯಾಗುವುದಿಲ್ಲ. ರಾಸ್ಕೋಲ್ನಿಕೋವ್ ನೆರವಾಗುವ ಕುಟುಂಬವೊಂದರ ತಾಯಿ, ಬಡತನದಲ್ಲಿ ಬೆಂದು ಸಾಯುವ ಕತೆರೀನಾ ಇವಾನೊವ್ನಾ ಕೊನೆಯುಸಿರಿನಲ್ಲಿ ತನ್ನನ್ನೇ ಕುರಿತು, ಬಡಕಲು ಕುದುರೆಯನ್ನು ದುಡಿಸಿ ದುಡಿಸಿ ಕೊಂದರು ಎಂದು ಕೂಗುತ್ತಾಳೆ. ಆ ಪುಟಕ್ಕೆ ಬಂದಾಗ ದಯವಿಟ್ಟು ಒಂದು ಕ್ಷಣ ನಿಂತು, ಕನಸಿನ ಪುಟವನ್ನು ಮತ್ತೊಮ್ಮೆ ತಿರುವಿ ನೋಡಿ. ಲೇಖಕರಿಗೂ ಇದು ಬರಿಯ ಕಲ್ಪನೆಯಾಗಿರಲಿಲ್ಲ. 1837ರಲ್ಲಿ, ಹದಿನೈದರ ಹುಡುಗನಾಗಿ ಪೀಟರ್ಸ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ, ಸರ್ಕಾರಿ ದೂತನೊಬ್ಬ ಗಾಡಿ ಹೊಡೆಯುವವನ ಕತ್ತಿಗೆ ಗುದ್ದುತ್ತಿದ್ದುದನ್ನೂ, ಗುದ್ದು ತಿಂದವನು ಕುದುರೆಗಳಿಗೆ ಬಾರಿಸುತ್ತಿದ್ದುದನ್ನೂ ಕಂಡದ್ದಾಗಿ 1876ರಲ್ಲಿ ಅವರೇ ಬರೆದಿದ್ದಾರೆ.

ಪ್ರಶ್ನೆ: ಅದೇ ಕಾದಂಬರಿಯಲ್ಲಿ ರಾಸ್ಕೋಲ್ನಿಕೋವ್‌ನ ತಂಗಿಯ ಬೆನ್ನುಬಿದ್ದಿರುವ ಜಮೀನ್ದಾರ ಸ್ವಿದ್ರಿಗೈಲೋವ್‌ಗೂ ದುಃಸ್ವಪ್ನಗಳು ಬೀಳುತ್ತವೆ. ಅವನು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ, ರಾಸ್ಕೋಲ್ನಿಕೋವ್ ಬದುಕುತ್ತಾನೆ. ಇಬ್ಬರ ಕನಸುಗಳಲ್ಲಿ ಅಂಥ ವ್ಯತ್ಯಾಸವೇನು?

ಉತ್ತರ: ಕುದುರೆಯ ಕನಸಿನಲ್ಲಿ ಅಳುವ ಹುಡುಗನಿದ್ದಾನೆ. ಸ್ವಿದ್ರಿಗೈಲೋವ್‌ನ ಕೊನೆಯ ರಾತ್ರಿಯ ಕನಸುಗಳಲ್ಲಿ ಅಂಥವರು ಯಾರೂ ಉಳಿದಿಲ್ಲ. ಅಗ್ಗದ ಹೋಟೆಲಿನ ಕೋಣೆಯಲ್ಲಿ ಮಲಗಿದವನಿಗೆ ಹೂಗಳ ನಡುವೆ ಶವಪೆಟ್ಟಿಗೆಯಲ್ಲಿರುವ ಹದಿನಾಲ್ಕರ ಹುಡುಗಿ ಕಾಣುತ್ತಾಳೆ. ನೀರಿಗೆ ಬಿದ್ದು ಸತ್ತವಳು ಅವಳು. ಆಮೇಲೆ ಚಳಿಯಲ್ಲಿ ನಡುಗುತ್ತಿರುವ ಐದು ವರ್ಷದ ಮಗುವನ್ನು ಎತ್ತಿ ತಂದು ಹೊದಿಸಿ ಮಲಗಿಸುತ್ತಾನೆ. ನೋಡನೋಡುತ್ತ ಆ ಮುಖದಲ್ಲೂ ಮಗುತನ ಅಳಿದುಹೋಗುತ್ತದೆ. ಒಮ್ಮೆ ಮಾಡಹೊರಟ ಒಳ್ಳೆಯ ಕೆಲಸವನ್ನೂ ಅವನ ಮನಸ್ಸು ಕೆಡಿಸದೆ ಬಿಡುವುದಿಲ್ಲ. ಇದಕ್ಕಿಂತ ಘೋರವಾದ ಶಿಕ್ಷೆ ಕಾದಂಬರಿಯಲ್ಲಿ ಬೇರೊಂದಿಲ್ಲ.

ರಾಸ್ಕೋಲ್ನಿಕೋವ್‌ನ ಕೊನೆಯ ಕನಸು ಬರುವುದು ಉಪಸಂಹಾರದಲ್ಲಿ, ಎಂಟು ವರ್ಷಗಳ ಶಿಕ್ಷೆ ಅನುಭವಿಸುತ್ತಿರುವ ಸೈಬೀರಿಯಾದ ಸೆರೆಮನೆಯ ಆಸ್ಪತ್ರೆಯಲ್ಲಿ. ಬುದ್ಧಿ ಮತ್ತು ಸಂಕಲ್ಪವುಳ್ಳ ಸೂಕ್ಷ್ಮಜೀವಿಗಳು ಲೋಕವನ್ನೆಲ್ಲ ಹೊಕ್ಕಿವೆ. ಸೋಂಕಿದ ಪ್ರತಿಯೊಬ್ಬನಿಗೂ ಸತ್ಯ ತನ್ನೊಬ್ಬನಲ್ಲೇ ಇದೆ ಎಂಬ ನಂಬಿಕೆ ಹುಟ್ಟಿ, ಜನ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಅಸಾಮಾನ್ಯ ವ್ಯಕ್ತಿಗಳಿಗೆ ಕಾನೂನನ್ನು ಮೀರುವ ಹಕ್ಕಿದೆ ಎಂದು, ವಿಶ್ವವಿದ್ಯಾಲಯ ಬಿಟ್ಟಾಗ ಅವನು ಬರೆದ ಲೇಖನದ ಸಿದ್ಧಾಂತವೇ ಇಲ್ಲಿ ರೋಗವಾಗಿ ಹಬ್ಬಿದೆ ಎಂದು ನಾನು ಓದಿಕೊಳ್ಳುತ್ತೇನೆ. ಆದರೆ ಆ ಮಾತನ್ನು ಕಾದಂಬರಿ ಬಾಯಿಬಿಟ್ಟು ಹೇಳುವುದಿಲ್ಲ. ಜ್ವರ ಇಳಿದ ಮೇಲೂ ಆ ಕನಸಿನ ನೋವು ಬಹಳ ದಿನ ಅವನನ್ನು ಬಿಡುವುದಿಲ್ಲ. ಹೀಗಿರುವಾಗ ಒಂದು ಸಂಜೆ ಆಸ್ಪತ್ರೆಯ ಕಿಟಕಿಯ ಬಳಿ ಹೋದವನಿಗೆ, ದೂರದ ಗೇಟಿನ ಹತ್ತಿರ ಯಾವುದಕ್ಕೋ ಕಾದಂತೆ ನಿಂತಿರುವ ಸೋನ್ಯಾ, ಅವನ ಹಿಂದೆಯೇ ಸೈಬೀರಿಯಾಕ್ಕೆ ಬಂದಿರುವ, ಕತೆರೀನಾಳ ಮಲಮಗಳು, ಕಾಣುತ್ತಾಳೆ. ಎದೆಗೆ ಏನೋ ಚುಚ್ಚಿದಂತಾಗಿ, ಬೆಚ್ಚಿ, ಅವನು ಬೇಗನೆ ಕಿಟಕಿಯಿಂದ ಸರಿದುಬಿಡುತ್ತಾನೆ.