ಹಾಡು ಅರ್ಧಕ್ಕೇ ನಿಂತಿದೆ ಅಂತ ಅಂಗಡಿಗೆ ಜಗಳಕ್ಕೆ ಹೋಗಿದ್ದೆ

ನೀವು ಕೇಳಿರೋದು ಮೂರು ವಿಷಯ. ಹಾಸನದಲ್ಲಿ ಕೂತು ಪಂಕ್ (ರಾಕ್‌ನಲ್ಲೇ ಒರಟಾದ, ವೇಗದ, ಗಿಡ್ಡ ಹಾಡುಗಳ ಬಗೆ), ಹಳೇ ರಾಕ್ ಕೇಳೋಕೆ ಎಲ್ಲಿಂದ ಶುರು ಮಾಡಬೇಕು. ಇಂಗ್ಲಿಷ್ ಅಷ್ಟಾಗಿ ಅರ್ಥ ಆಗದಿದ್ದರೂ ನಡೆಯುತ್ತಾ. ಬೆಂಗಳೂರಿನ ಶೋಗೆ ಒಬ್ಬರೇ ಹೋಗಬಹುದಾ, ಅಲ್ಲಿ ಬರೀ ಗಲಾಟೆ ಅಂತಾರಲ್ಲ. ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಹೋಗಿ. ಆದರೆ ದೊಡ್ಡ ಶೋ ಬರಲಿ ಅಂತ ಕಾಯುತ್ತಾ ಕೂರಬೇಡಿ, ಮೊದಲು ಸಣ್ಣದಕ್ಕೆ ಹೋಗಿ. ಯಾಕೆ ಅಂತ ಹೇಳಬೇಕಾದರೆ ನನ್ನ ಕಥೆ ಸ್ವಲ್ಪ ಕೇಳಬೇಕಾಗುತ್ತದೆ.

ನಾನೂ ಹಾಸನದವನೇ. ಪಿಯುಸಿ ಓದುವಾಗ, ಅಂದರೆ 2006ರ ಹೊತ್ತಿಗೆ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯಲ್ಲಿ ಖಾಲಿ ಸಿಡಿಗೆ ಎಂಪಿ3 ತುಂಬಿಕೊಡುತ್ತಿದ್ದರು. ಕನ್ನಡವಾ, ಹಿಂದಿನಾ, ಇಂಗ್ಲಿಷಾ, ಅಷ್ಟೇ ಕೇಳೋದು. ಇಂಗ್ಲಿಷ್ ಅಂದರೆ ಅವರ ಹತ್ತಿರ ಇದ್ದದ್ದೆಲ್ಲ ಒಂದೇ ಸಿಡಿಗೆ ಸುರಿದು ಕೊಡುತ್ತಿದ್ದರು, ಮದುವೆ ಮನೆಯ ಮಿಕ್ಸ್ ಭಜ್ಜಿ ಥರ. ಅದರಲ್ಲಿ ಒಂದು ಹಾಡು ಒಂದೂವರೆ ನಿಮಿಷಕ್ಕೇ ನಿಂತುಹೋಗುತ್ತಿತ್ತು. ಡೌನ್‌ಲೋಡ್ ಅರ್ಧಕ್ಕೇ ಕಟ್ ಆಗಿದೆ ಅಂದುಕೊಂಡು ಅಂಗಡಿಗೆ ವಾಪಸ್ ಹೋಗಿ, "ಏನಣ್ಣ, ದುಡ್ಡು ಪೂರ್ತಿ ತಗೊಂಡು ಅರ್ಧ ಹಾಡು ಕೊಟ್ಟಿದ್ದೀರಲ್ಲ" ಅಂತ ಜಗಳ ತೆಗೆದೆ. ಅವರು ಕಂಪ್ಯೂಟರ್‌ನಲ್ಲಿ ಹಾಕಿ ಕೇಳಿ, "ಹಾಡೇ ಅಷ್ಟು ಕಣಪ್ಪ, ನಾನೇನು ಮಾಡಲಿ" ಅಂದರು. ನಂಬಲಿಲ್ಲ. ಆಮೇಲೆ ಗೊತ್ತಾಯಿತು, ನಿಜವಾಗಿಯೂ ಹಾಡೇ ಅಷ್ಟು. ಅದು ರಮೋನ್ಸ್.

ರಮೋನ್ಸ್ ನ್ಯೂಯಾರ್ಕ್‌ನ ಕ್ವೀನ್ಸ್ ಕಡೆಯ ಹುಡುಗರು. 1974ರಲ್ಲಿ ಬ್ಯಾಂಡ್ ಕಟ್ಟಿದರು. ಎಲ್ಲರ ಹೆಸರಿನ ಕೊನೆಗೂ ರಮೋನ್ ಅಂತ ಇದೆ, ಆದರೆ ಯಾರೂ ಅಣ್ಣತಮ್ಮಂದಿರಲ್ಲ, ಸುಮ್ನೆ ಇಟ್ಟುಕೊಂಡಿದ್ದು. 1976ರ ಅವರ ಮೊದಲ ಆಲ್ಬಂನಲ್ಲಿ 14 ಹಾಡು, ಎಲ್ಲ ಸೇರಿ 29 ನಿಮಿಷ. ರೆಕಾರ್ಡಿಂಗ್‌ಗೆ ಆದ ಖರ್ಚು ಸುಮಾರು 6,400 ಡಾಲರ್. ಆ ಕಾಲದಲ್ಲಿ ದೊಡ್ಡ ಬ್ಯಾಂಡುಗಳು ಒಂದೊಂದು ಹಾಡನ್ನೇ 15-20 ನಿಮಿಷ ಎಳೆಯುತ್ತಾ, ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂರುತ್ತಿದ್ದವು. ಅದರ ಎದುರಿಗೆ ಇವರು ಒನ್, ಟೂ, ತ್ರೀ, ಫೋರ್ ಅಂತ ಕೂಗಿ ಶುರು ಮಾಡಿ, ನೀವು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿಸುತ್ತಿದ್ದರು. ಗಿಟಾರ್‌ನಲ್ಲಿ ಮೂರು ಕಾರ್ಡ್ (ಒಟ್ಟಿಗೇ ನುಡಿಸುವ ಸ್ವರಗಳ ಗುಂಪು) ಬಂದರೆ ಸಾಕು, ಬ್ಯಾಂಡ್ ಕಟ್ಟಬಹುದು ಅನ್ನೋದು ಪಂಕ್‌ನ ಮೂಲ ಧೈರ್ಯ. ನನಗೆ ಹಿಡಿಸಿದ್ದೂ ಅದೇ. ನಮ್ಮೂರಲ್ಲಿ ನಾನು ಗಿಟಾರ್ ನೋಡಿದ್ದು ಎರಡೇ ಕಡೆ, ಚರ್ಚ್‌ನಲ್ಲಿ ಮತ್ತು ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ. ಎರಡೂ ಕಡೆ ನುಡಿಸುವವರು ನನಗಿಂತ ನೂರು ಪಾಲು ಮೇಲಿದ್ದರು. ಬರದೇ ಇರುವವರಿಗೂ ಒಂದು ಸಂಗೀತ ಇದೆ ಅಂತ ಯಾರೂ ಹೇಳಿರಲಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ದಯವಿಟ್ಟು "ಸಾರ್ವಕಾಲಿಕ ನೂರು ಆಲ್ಬಂ" ಥರದ ಪಟ್ಟಿ ಹಿಡಿದು ಕೂರಬೇಡಿ. ಸಿಲಬಸ್ ಆಗಿಬಿಡುತ್ತದೆ. ಒಂದು ಹಾಡು ಹಿಡಿಸಿತಾ, ಆ ಬ್ಯಾಂಡಿನವರು ಯಾರನ್ನು ಕೇಳಿ ಬೆಳೆದರು ಅಂತ ಹುಡುಕಿ, ಅಲ್ಲಿಗೆ ಹೋಗಿ. ನಾನು ಮೆಟಾಲಿಕಾ ಅನ್ನೋ ಅಮೆರಿಕದ ಬ್ಯಾಂಡ್ ಕೇಳುತ್ತಿದ್ದೆ. ಅವರು 1987ರಲ್ಲಿ ಬೇರೆಯವರ ಹಾಡುಗಳದ್ದೇ ಒಂದು ಸಣ್ಣ ರೆಕಾರ್ಡ್ ತಂದಿದ್ದರು, ಅದರಲ್ಲಿ ಮಿಸ್‌ಫಿಟ್ಸ್ ಅನ್ನೋ ಪಂಕ್ ಬ್ಯಾಂಡಿನ ಹಾಡೂ ಇತ್ತು. ಅಲ್ಲಿಂದ ಮಿಸ್‌ಫಿಟ್ಸ್, ಅಲ್ಲಿಂದ ವಾಪಸ್ ರಮೋನ್ಸ್. ಆಗಲೇ ನನಗೆ ಆ ಹಳೇ ಸಿಡಿಯ "ಅರ್ಧ ಹಾಡು" ಯಾರದು ಅಂತ ತಿಳಿದದ್ದು.

ಹಳೇ ರಾಕ್‌ನಲ್ಲಿ ಒಂದೇ ಒಂದು ಬ್ಯಾಂಡ್ ಹೇಳಿ ಅಂದರೆ ಬ್ಲ್ಯಾಕ್ ಸಬ್ಬತ್ ಅನ್ನುತ್ತೇನೆ. ಅದರ ಗಿಟಾರ್ ವಾದಕ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಒಂದು ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ. ಹದಿನೇಳು ವರ್ಷ. ಕೆಲಸ ಬಿಡುವ ಕೊನೇ ದಿನ ಮಷೀನಿಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಎಡಗೈಯಲ್ಲಿ ನುಡಿಸುವವನು, ಹಾಗಾಗಿ ತಂತಿ ಒತ್ತಬೇಕಾದ ಕೈಯೇ ಅದು. ಇವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿಕೊಂಡ, ತೆಳು ತಂತಿ ಹಾಕಿದ, ಮುಂದೆ ತಂತಿ ಸಡಿಲ ಮಾಡಿ ಸ್ವರವನ್ನೇ ಕೆಳಗಿಳಿಸಿದ. ನಾವೀಗ ಮೆಟಲ್ ಅನ್ನುವ ಆ ಭಾರದ, ತಗ್ಗು ಸ್ವರದ ಸದ್ದಿನ ಹಿಂದೆ ಈ ಬೆರಳುಗಳ ಪಾಲು ದೊಡ್ಡದು. ಇದು ಗೊತ್ತಾದ ಮೇಲೆ 1970ರ ಅವರ ಮೊದಲ ಆಲ್ಬಂ ಹಾಕಿ ಕೇಳಿ, ಬೇರೆ ಥರವೇ ಕೇಳಿಸುತ್ತದೆ.

ಡೀಪ್ ಪರ್ಪಲ್ ಬಗ್ಗೆ ಹೇಳೋದೇ ಬೇಡ, ಗಿಟಾರ್ ಕೈಗೆ ಬಂದ ಮೊದಲ ವಾರ ಎಲ್ಲರೂ ನುಡಿಸೋದು ಅವರ "ಸ್ಮೋಕ್ ಆನ್ ದ ವಾಟರ್" ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಆ ಹಾಡಿನಲ್ಲಿರೋದು ನಡೆದ ಸಂಗತಿ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಝಪ್ಪಾ ಅನ್ನೋ ರಾಕ್ ಸಂಗೀತಗಾರನ ಶೋ ನಡೆಯುವಾಗ ಯಾರೋ ಫ್ಲೇರ್ ಗನ್ (ಉರಿಯುವ ಗುಂಡು ಹಾರಿಸುವ ಪಿಸ್ತೂಲು) ಹಾರಿಸಿ ಇಡೀ ಕ್ಯಾಸಿನೋ ಸುಟ್ಟುಹೋಯಿತು. ರೆಕಾರ್ಡಿಂಗ್‌ಗೆ ಅಂತ ಬಂದಿದ್ದ ಇವರು ಸರೋವರದ ಮೇಲೆ ಹೊಗೆ ಹಬ್ಬಿದ್ದನ್ನು ನೋಡಿ ಹಾಡು ಬರೆದರು. ಪಂಕ್ ಕಡೆ ಕ್ಲಾಶ್ ಅನ್ನೋ ಬ್ಯಾಂಡ್ ಕೇಳಿ. 1979ರಲ್ಲಿ ಎರಡು ರೆಕಾರ್ಡಿನ ಆಲ್ಬಂ ತಂದು ಒಂದರ ಬೆಲೆಗೆ ಮಾರಿದರು. ಅದರಲ್ಲಿ ಜಮೈಕಾ ಕಡೆಯ ರೆಗ್ಗೆ ಇದೆ, ಸ್ಕಾ ಇದೆ, ಪಂಕ್ ಅಂದರೆ ಬರೀ ಕಿರುಚಾಟ ಅನ್ನುವವರ ಬಾಯಿ ಮುಚ್ಚಿಸೋಕೆ ಅದೊಂದು ಸಾಕು. ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ಬ್ಯಾಂಡಿನ ಗಾಯಕ "ನನಗೆ ಪಿಂಕ್ ಫ್ಲಾಯ್ಡ್ ಕಂಡರೆ ಆಗಲ್ಲ" ಅಂತ, ಅಂದರೆ ಆ ಕಾಲದ ದೊಡ್ಡ ರಾಕ್ ಬ್ಯಾಂಡಿನ ಮೇಲೆ, ಬರೆದ ಟೀ ಶರ್ಟ್ ಹಾಕಿ ಓಡಾಡಿದವನು. ಅದು ಅವರವರ ಜಗಳ. ನನ್ನ ಮೊಬೈಲ್‌ನಲ್ಲಿ ಇಬ್ಬರೂ ಅಕ್ಕಪಕ್ಕ ಇದ್ದಾರೆ, ತಂಟೆ ಇಲ್ಲ.

ಇಂಗ್ಲಿಷ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೋಡಗನ ಕೋಳಿ ನುಂಗಿತ್ತ ಅಂತ ಚಿಕ್ಕಂದಿನಿಂದ ಹಾಡುತ್ತಿದ್ದೇವಲ್ಲ, ಶರೀಫರು ಏನು ಹೇಳಿದರು ಅಂತ ಪೂರ್ತಿ ಗೊತ್ತಿದ್ದು ಹಾಡುತ್ತಿದ್ದೇವಾ? ಮೊದಲು ಸದ್ದು ಹಿಡಿಯುತ್ತದೆ, ಅರ್ಥ ನಿಧಾನಕ್ಕೆ ಬರುತ್ತದೆ. ಪಂಕ್ ಗಾಯಕರ ಉಚ್ಚಾರಣೆ ಇಂಗ್ಲಿಷ್ ಬಲ್ಲವರಿಗೂ ಅರ್ಧ ತಿಳಿಯಲ್ಲ. ಕನ್ನಡದಲ್ಲೇ ಬೇಕು ಅಂದರೆ ರಘು ದೀಕ್ಷಿತ್ ಇದ್ದಾರೆ, ಅದೇ ಶರೀಫರ ಪದವನ್ನು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಹಾಡುತ್ತಾರೆ, ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಬೆಂಗಳೂರಿನ ಸ್ವರಾತ್ಮ ಕೂಡ ಕನ್ನಡದಲ್ಲಿ ಹಾಡುತ್ತದೆ. ಪಂಕ್ ಮಾತ್ರ ನಮ್ಮ ಕಡೆ ತೀರಾ ಕಮ್ಮಿ. ಬೆಂಗಳೂರು ಮೆಟಲ್ ಊರು.

ಈಗ ಶೋ ವಿಷಯ. 2007ರ ಮಾರ್ಚ್ 17ಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ನನಗೆ ಸೆಕೆಂಡ್ ಪಿಯುಸಿ ಪರೀಕ್ಷೆ ಸಮಯ. ಮನೆಯಲ್ಲಿ ಕೇಳುವ ಧೈರ್ಯವೇ ಆಗಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದರ ಸೇಡು ತೀರಿಸಿಕೊಳ್ಳೋಕೆ ಅಂತ 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಾಗ ಹೊರಟೆ. ಅದಕ್ಕೆ ಎರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಶೋ ನಿಂತುಹೋಗಿ, ಜನ ಸ್ಟೇಜ್ ಹತ್ತಿ ಗಲಾಟೆ ಮಾಡಿದ್ದು ಟಿವಿಯಲ್ಲೆಲ್ಲ ಬಂದಿತ್ತು. ಅಮ್ಮ ಅದನ್ನು ನೋಡಿ ಬೇಡವೇ ಬೇಡ ಅಂದರು. ಫ್ರೆಂಡ್ ಮನೆ ಗೃಹಪ್ರವೇಶ ಅಂತ ಸುಳ್ಳು ಹೇಳಿ ಹೋದೆ (ಅಮ್ಮ ಇದನ್ನು ಓದಲ್ಲ ಅನ್ನೋ ನಂಬಿಕೆ ಇದೆ).

ಒಬ್ಬನೇ ಹೋಗಿದ್ದೆ. ಬಸ್ ಲೇಟು, ಒಳಗೆ ಹೋಗುವಷ್ಟರಲ್ಲಿ ಮುಂದೆ ಜಾಗ ಇರಲಿಲ್ಲ. ಕಾಲಡಿ ಕೆಸರು. ಮೂಲೆಯಲ್ಲಿ ನಿಂತು ಪರದೆ ಮೇಲೆ ನೋಡಿದೆ. ನಿಜ ಹೇಳಲಾ, ಮೊದಲ ಅರ್ಧ ಗಂಟೆ ಇದನ್ನು ಮನೆಯಲ್ಲೇ ಟಿವಿಯಲ್ಲಿ ನೋಡಬಹುದಿತ್ತಲ್ಲ ಅನ್ನಿಸಿತು. ಆದರೆ ಡ್ರಮ್‌ನ ಒಂದೊಂದು ಪೆಟ್ಟೂ ಎದೆಗೆ ಬಡಿಯುತ್ತಿತ್ತು, ಆ ಬಡಿತ ಎಲ್ಲೋ ಗೊತ್ತಿರುವಂಥದ್ದೇ ಅನ್ನಿಸಿತು. ಗಣಪತಿ ಬಿಡುವ ದಿನ ತಮಟೆಯವರು ರಸ್ತೆ ಪಕ್ಕ ಪೇಪರ್, ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾರಲ್ಲ. ತಿರುಗಿಸಿ ತಿರುಗಿಸಿ ಕಾಯಿಸುತ್ತಾ, ಬೆರಳಲ್ಲಿ ಒಂದ್ಸಲ ಟಕ್ ಅನ್ನಿಸಿ, ಇನ್ನೂ ಸಾಲದು ಅಂತ ಮತ್ತೆ ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಗಿ ಟಣ್ ಅಂದಮೇಲೆ ಏಳುತ್ತಾರೆ. ಆಮೇಲೆ ಮೊದಲ ಪೆಟ್ಟು ಬಿದ್ದಾಗ ಪಕ್ಕದಲ್ಲಿ ನಿಂತವನ ಪಕ್ಕೆಲುಬೇ ಅಲ್ಲಾಡುತ್ತದೆ. ಇಲ್ಲೂ ಅದೇ. ಹೆಡ್‌ಫೋನ್‌ನಲ್ಲಿ ಇದು ಯಾವತ್ತೂ ಸಿಕ್ಕಿರಲಿಲ್ಲ, ಸಿಗೋದೂ ಇಲ್ಲ.

ಆದರೂ ನನಗೆ ಹುಚ್ಚು ಹಿಡಿದದ್ದು ಅಲ್ಲಿ ಅಲ್ಲ. ಮರುವರ್ಷ ಇಂದಿರಾನಗರದ ಕಡೆ ಯಾವುದೋ ಪಬ್‌ನ ಮಹಡಿಯಲ್ಲಿ. ನಾಲ್ಕು ಹುಡುಗರ ಬ್ಯಾಂಡ್, ನೋಡೋಕೆ ಇದ್ದವರು ಜಾಸ್ತಿ ಅಂದರೆ ನಲವತ್ತು ಜನ. ಅದರಲ್ಲಿ ಅರ್ಧ ಅವರ ಸ್ನೇಹಿತರೇ. ಸ್ಟೇಜ್ ಅನ್ನೋದು ಒಂದು ಗೇಣು ಎತ್ತರ. ಗಿಟಾರ್‌ನವನು ನನ್ನಿಂದ ನಾಲ್ಕು ಅಡಿ ದೂರದಲ್ಲಿದ್ದ, ಅವನ ಬೆವರು ನನ್ನ ಕನ್ನಡಕಕ್ಕೇ ಸಿಡಿಯುತ್ತಿತ್ತು. ಮೂರನೇ ಹಾಡಿಗೆ ಅವನ ತಂತಿ ಟಪ್ ಅಂತ ಕಿತ್ತುಹೋಯಿತು. ಬೇರೆ ಗಿಟಾರ್ ಇಲ್ಲ. ಡ್ರಮ್ಮರ್ ನಿಲ್ಲಿಸಲೇ ಇಲ್ಲ, ಬರೀ ತಾಳ ಹಾಕುತ್ತಾ ಇದ್ದ. ಗಿಟಾರ್‌ನವನು ನೆಲದ ಮೇಲೆ ಕೂತು ಹೊಸ ತಂತಿ ಸುತ್ತಿದ. ಉದ್ದ ಉಳಿದ ತುದಿ ಕತ್ತರಿಸೋಕೆ ಏನೂ ಇಲ್ಲದೆ, "ಯಾರ ಹತ್ರಾನಾದ್ರೂ ಕಟರ್ ಇದೆಯಾ" ಅಂತ ಮೈಕ್‌ನಲ್ಲೇ ಕೇಳಿದ. ಹಿಂದಿನಿಂದ ಯಾರೋ ಕೀ ಬಂಚ್ ಎಸೆದರು, ಅದರಲ್ಲಿ ನೇಲ್ ಕಟರ್ ಇತ್ತು. ತಂತಿ ಕತ್ತರಿಸಿದ, ಕೀ ವಾಪಸ್ ಎಸೆದ, ಹಾಡನ್ನು ನಿಂತ ಜಾಗದಿಂದಲೇ ಎತ್ತಿಕೊಂಡರು. ಆಗ ಎದ್ದ ಕೂಗು ಇದೆಯಲ್ಲ, ಅರಮನೆ ಮೈದಾನದಲ್ಲೂ ಅಂಥದ್ದು ಕೇಳಿರಲಿಲ್ಲ.

ಮುಗಿದ ಮೇಲೆ ಬೇಸ್ ಗಿಟಾರ್ ನುಡಿಸಿದ ಹುಡುಗ ತಾನೇ ವೈರ್ ಸುತ್ತುತ್ತಾ ಕೂತಿದ್ದ. ಎಲ್ಲಿಂದ ಬಂದಿದ್ದೀರಾ ಅಂದ. ಹಾಸನ ಅಂದೆ. "ಅಯ್ಯೋ, ನಮ್ಮಜ್ಜಿ ಊರು ಅರಸೀಕೆರೆ" ಅಂತ ವೈರ್ ಬಿಟ್ಟು ಎದ್ದು ಬಂದ. ಅವತ್ತು ಅವನಿಂದ ಇನ್ನೂ ಮೂರು ಬ್ಯಾಂಡಿನ ಹೆಸರು, ಮುಂದಿನ ಎರಡು ಶೋ ತಾರೀಖು ಸಿಕ್ಕವು. ಮೈದಾನದ ಶೋನಲ್ಲಿ ಇದು ಆಗಲ್ಲ. ಅದಕ್ಕೇ ಸಣ್ಣದಕ್ಕೆ ಹೋಗಿ ಅಂದದ್ದು.

ಗಲಾಟೆ ಬಗ್ಗೆ: ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುತ್ತಾರೆ, ಅದಕ್ಕೆ ಮಾಶ್ ಪಿಟ್ ಅಂತಾರೆ. ಹೊಡೆದಾಟ ಅಲ್ಲ. ಬಿದ್ದವರನ್ನು ತಕ್ಷಣ ಎತ್ತಬೇಕು, ಅದು ಅಲ್ಲಿನ ಮೊದಲ ನಿಯಮ, ನಾನು ಬಿದ್ದಾಗ ನಾಲ್ಕು ಕೈ ಒಟ್ಟಿಗೇ ಬಂದಿದ್ದವು. ಗಣಪತಿ ಮೆರವಣಿಗೆಯಲ್ಲಿ ಕುಣಿದವರಿಗೆ ಇದು ಹೊಸದಲ್ಲ. ಬೇಡ ಅನ್ನಿಸಿದರೆ ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾನಲ್ಲ, ಅವನ ಹತ್ತಿರ ನಿಂತುಕೊಳ್ಳಿ. ಅವನು ತನ್ನ ಕಿವಿಗೆ ಸರಿಹೊಂದುವ ಹಾಗೆ ಸದ್ದು ಕೂರಿಸುತ್ತಾನೆ, ಹಾಗಾಗಿ ಅಲ್ಲಿ ಎಲ್ಲ ವಾದ್ಯಗಳೂ ಬಿಡಿಬಿಡಿಯಾಗಿ ಚೆನ್ನಾಗಿ ಕೇಳುತ್ತವೆ.

ಒಂದು ತಪ್ಪು ಮಾತ್ರ ನನ್ನ ಹಾಗೆ ಮಾಡಬೇಡಿ. ಮೊದಲೆರಡು ವರ್ಷ ಕಿವಿಗೆ ಏನೂ ಹಾಕದೆ ಸ್ಪೀಕರ್ ಮುಂದೆ ನಿಲ್ಲುತ್ತಿದ್ದೆ, ಗಂಡಸುತನ ಅಂತ. ಶೋ ಮುಗಿದ ಮೇಲೆ ಎರಡು ದಿನ ಕಿವಿಯಲ್ಲಿ ಕುಂಯ್ ಅನ್ನುತ್ತಿತ್ತು. ಈಗ ಎಡಗಿವಿಯಲ್ಲಿ ರಾತ್ರಿ ಹೊತ್ತು ಆ ಸದ್ದು ಇದ್ದೇ ಇರುತ್ತದೆ, ಹೋಗಲ್ಲ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯುವ ಕಿವಿಗೆ 100 ಡೆಸಿಬಲ್ ಆದರೆ 15 ನಿಮಿಷಕ್ಕೇ ಸಾಕಾಗುತ್ತದೆ ಅನ್ನೋದು ಲೆಕ್ಕ, ರಾಕ್ ಶೋ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಸ್ಪಂಜಿನ ಇಯರ್‌ಪ್ಲಗ್ ಕಮ್ಮಿ ದುಡ್ಡಿಗೇ ಸಿಗುತ್ತದೆ, ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಒಳಗೆ ಬಿಡಿ, ಅಲ್ಲೇ ಉಬ್ಬಿಕೊಳ್ಳುತ್ತದೆ. ಚಪ್ಪಲಿ ಬೇಡ, ಶೂ ಹಾಕಿ. ಮೊಬೈಲ್ ಮುಂದಿನ ಜೇಬಿಗೆ.

ವಾಪಸ್ ಬರೋಕೆ ಮೆಜೆಸ್ಟಿಕ್‌ವರೆಗೂ ಹೋಗಬೇಕು ಅಂತಿಲ್ಲ. ಗೊರಗುಂಟೆಪಾಳ್ಯದಲ್ಲಿ ನಿಂತರೆ ಹಾಸನ ಕಡೆಯ ಬಸ್ ರಾತ್ರಿಯೂ ಸಿಗುತ್ತವೆ. ಹತ್ತುವ ಮೊದಲು ಸೀಟ್ ಇದೆಯಾ ಅಂತ ಕಂಡಕ್ಟರ್‌ನ ಕೇಳಿ, ಮತ್ತೆ ಅದಕ್ಕಿಂತ ಮೊದಲು ಇಯರ್‌ಪ್ಲಗ್ ತೆಗೆಯಿರಿ. ನಾನು ಒಂದ್ಸಲ ತೆಗೆಯದೇ ಕೇಳಿ, ಅವನು "ಸೀಟಿಲ್ಲ" ಅಂದದ್ದು "ಸೀಟಿದೆ" ಅಂತ ಕೇಳಿಸಿ, ಚನ್ನರಾಯಪಟ್ಟಣದವರೆಗೂ ನಿಂತೇ ಬಂದಿದ್ದೇನೆ.