ರಾಡ್ ಬಿಡಿ, ಮೈಲುತುತ್ತದ ಕುಡಿಕೆ ಹಿಡಿಯಿರಿ

ಸರ್, ನೆಲದಲ್ಲಿ ತಾನಾಗೇ ಹುಟ್ಟುವ ವೋಲ್ಟೇಜ್ ಅಳೆಯಲು ಗಂಗಾವತಿ ಕಡೆಯ ಗವಿ ಬಾಯಲ್ಲಿ ಎರಡು ಸ್ಟೀಲ್ ರಾಡ್ ನೆಟ್ಟೆ, ಮೀಟರ್‌ನಲ್ಲಿ 180 ಮಿಲಿವೋಲ್ಟ್ ಬಂತು, ಕೆಳಗೆ ಅದಿರಿರಬೇಕು ಅಂತ ಪೋಸ್ಟ್ ಹಾಕಿದ್ದೀರಿ. ಅದು ರಾಡಿನ ವೋಲ್ಟೇಜ್ ಇರಬಹುದು, ಬಂಡೆಯದ್ದು ಅನ್ನುವ ಹಾಗಿಲ್ಲ. ಹಸಿ ಮಣ್ಣಿಗೆ ಕಬ್ಬಿಣ ತಾಗಿದರೆ ಅದೇ ಒಂದು ಸೆಲ್. ಒಂದು ರಾಡಿಗೆ ತುಕ್ಕು ಜಾಸ್ತಿ, ಇನ್ನೊಂದರ ಬುಡ ಜಾಸ್ತಿ ಹಸಿ ಇದ್ದರೂ ಇಷ್ಟು ವ್ಯತ್ಯಾಸ ಬರುತ್ತದೆ. 1830ರಲ್ಲಿ ಈ ಥರದ ವೋಲ್ಟೇಜನ್ನು ರಾಬರ್ಟ್ ಫಾಕ್ಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ತಾಮ್ರದ ತಗಡು ಇಟ್ಟೇ ಅಳೆದರು, ನಿಜ. ಈಗ ಆ ಕಷ್ಟ ಯಾಕೆ?

ರಾಡ್ ಬದಲಿಗೆ ಹೊಳಪು ಹಚ್ಚದ ಎರಡು ಮಣ್ಣಿನ ಕುಡಿಕೆ ತನ್ನಿ. ದಾಳಿಂಬೆಗೆ ಬೋರ್ಡೋ ದ್ರಾವಣ ಹೊಡೆಯುವವರು ತರುವ ಮೈಲುತುತ್ತವೇ (ಕಾಪರ್ ಸಲ್ಫೇಟ್) ನಡೆಯುತ್ತದೆ. ಬೋರ್ ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ತಳದಲ್ಲಿ ಕರಗದ ಹರಳು ಉಳಿಯುವಷ್ಟು ಹಾಕಿ, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದ ತಾಮ್ರದ ತಂತಿ ಇಳಿಬಿಡಿ. ಆಮೇಲೆ ಎರಡೂ ಕುಡಿಕೆ ಒಂದೇ ಹಸಿ ಮಣ್ಣಲ್ಲಿ ಪಕ್ಕಪಕ್ಕ ಇಟ್ಟು, ತಂತಿಗಳಿಗೆ ಮೀಟರ್ ಹಚ್ಚಿ ನೋಡಿ. 2 ಮಿಲಿವೋಲ್ಟ್‌ಗಿಂತ ಜಾಸ್ತಿ ಬಂದರೆ ಕೆಲಸ ಶುರು ಮಾಡಲೇಬೇಡಿ. ಸಂಜೆ ಮುಗಿಸುವಾಗಲೂ ಇದೇ ಪರೀಕ್ಷೆ. ಇದನ್ನು ಬಿಟ್ಟವರ ಗ್ರಾಫ್ ನಾನು ನೋಡುವುದೇ ಇಲ್ಲ. ಉಳಿದ ನೀರನ್ನು ದನ ಕುಡಿಯುವ ಕಡೆ ಚೆಲ್ಲಬೇಡಿ, ಅದು ವಿಷ.

ನಮ್ಮ ಬಿಸಿಲಿಗೆ ಇನ್ನೊಂದು ತಾಪತ್ರಯ ಇದೆ. ಕುಡಿಕೆಯ ಬಿಸಿ ಒಂದು ಡಿಗ್ರಿ ಬದಲಾದರೆ ರೀಡಿಂಗ್ ಸುಮಾರು 0.9 ಮಿಲಿವೋಲ್ಟ್ ಸರಿಯುತ್ತದೆ. ಒಂದು ಕುಡಿಕೆ ಗವಿಯ ತಂಪಲ್ಲಿ, ಇನ್ನೊಂದು ಏಪ್ರಿಲ್ ಬಿಸಿಲಲ್ಲಿ ಇದ್ದರೆ ಹತ್ತು ಹದಿನೈದು ಮಿಲಿವೋಲ್ಟ್ ಸುಮ್ನೆ ಸೇರಿಬಿಡುತ್ತದೆ. ಹೊರಗಿನದಕ್ಕೆ ನೆರಳು ಮಾಡಿ. ಒಣ ಬಂಡೆ ಮೇಲೆ ಕುಡಿಕೆ ಕೂರುವುದಿಲ್ಲ, ಅಡಿಗೆ ಒಂದು ಮುದ್ದೆ ಹಸಿ ಜೇಡಿಮಣ್ಣು ಇಟ್ಟು ರೀಡಿಂಗ್ ನಿಲ್ಲುವ ತನಕ ಕಾಯಿರಿ. ಬಾವಲಿ ಹಿಕ್ಕೆ ಬಿದ್ದ ಜಾಗ ಬೇಡ, ಅದರ ಉಪ್ಪು ಲೆಕ್ಕ ಕೆಡಿಸುತ್ತದೆ.

ಮೀಟರ್‌ನ ಒಳ ರೋಧ (ಇನ್‌ಪುಟ್ ರೆಸಿಸ್ಟೆನ್ಸ್) 10 ಮೆಗಾಓಮ್ ಇರಲಿ. ಫ್ಲೂಕ್ ಕಂಪನಿಯದು ದುಬಾರಿಯಾದರೂ ಅದೇ ನನ್ನ ಆಯ್ಕೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಹಳದಿ ಮೀಟರ್ ವೈರಿಂಗ್ ನೋಡುವುದಕ್ಕೆ ಸರಿ. ಹತ್ತಿರ ಪಂಪ್‌ಸೆಟ್ ಓಡುತ್ತಿದ್ದರೆ ಕರೆಂಟ್ ಹೋಗುವ ತನಕ ಕಾದು ಅಳೆಯಿರಿ.

ಇನ್ನು ಅದಿರಿನ ಮಾತು. ಪೈರೈಟ್‌ನಂಥ ಸಲ್ಫೈಡ್ ರಾಶಿ ಇದ್ದರೆ ಅದರ ನೆತ್ತಿಯಲ್ಲಿ ನೂರಾರು ಮಿಲಿವೋಲ್ಟ್ ಋಣ ಬರಬಹುದು. ಹಟ್ಟಿ ಚಿನ್ನದ ಗಣಿ ಕಡೆಯ ಶಿಲೆಯಲ್ಲಿ ಅಂಥದ್ದು ಉಂಟು. ಗಂಗಾವತಿಯ ಗುಂಡುಗಳು ಗ್ರಾನೈಟ್. ಅಲ್ಲಿ ನಿಜವಾದ ವೋಲ್ಟೇಜ್ ಸಿಕ್ಕರೆ ಬಹುತೇಕ ಬಿರುಕಲ್ಲಿ ಜಿನುಗುವ ನೀರಿನದು, ಹರಿಯುವ ದಿಕ್ಕಿಗೆ ಧನ ಆಗುತ್ತದೆ. ಅದಕ್ಕೇ ಮಳೆಯ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಅಳೆಯಿರಿ. ಒಂದೇ ರೀಡಿಂಗ್ ನೋಡಿ ನೀರಿದೆ, ಅದಿರಿದೆ ಅಂತ ಊರಲ್ಲಿ ಹೇಳಬೇಡಿ. ಯಾರೋ ಸಾಲ ಮಾಡಿ ಬೋರ್ ಕೊರೆಸಿಬಿಡುತ್ತಾರೆ.

ಹಿರೇಬೆಣಕಲ್‌ನಂಥ ಚಿತ್ರ ಇರುವ ಬಂಡೆಗಳಿಗೆ ಜೇಡಿ ಅಂಟಿಸುವುದು ಬೇಡವೇ ಬೇಡ. ದರೋಜಿ, ಸಂಡೂರು ಸುತ್ತ ಅರಣ್ಯದವರನ್ನು ಕೇಳದೆ ಗವಿಗೆ ಇಳಿಯಬೇಡಿ, ಕರಡಿ ಇರುತ್ತವೆ. ಆ ಎರಡು ರಾಡನ್ನೇ ಅಕ್ಕಪಕ್ಕ ನೆಟ್ಟು ಒಮ್ಮೆ ಅಳೆದು ಫೋಟೋ ಹಾಕಿ, ನೋಡೋಣ.