ಅಂಬಾಸಡರ್ ಕಾರಿನ ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು) ಹೊಸದಾಗಿ ಮಾಡಿಸುವಾಗ ಪ್ಲೇಟುಗಳನ್ನು ದಪ್ಪ ಮಾಡಿಸಬಹುದೇ?

ದಪ್ಪ ಮಾಡಿಸುವುದು ಬೇಡ. ಕಾರಿನ ಹಿಂಭಾಗ ಕುಳಿತಿದೆ ಎಂದರೆ ಸಾಮಾನ್ಯವಾಗಿ ಪ್ಲೇಟುಗಳ ಕಮಾನು ಇಳಿದಿದೆ ಎಂದರ್ಥ, ಅವು ಮೊದಲಿನಿಂದಲೂ ತೆಳುವಾಗಿದ್ದವು ಎಂದಲ್ಲ. ಪ್ಲೇಟಿನ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 6 ಮಿ.ಮೀ. ಪ್ಲೇಟನ್ನು 7 ಮಿ.ಮೀ.ಗೆ ಏರಿಸಿದರೆ, ಉದ್ದ ಅಗಲಗಳು ಮೊದಲಿನಂತೆಯೇ ಇದ್ದರೂ ಬಿಗಿತ ಸುಮಾರು ಶೇ 59ರಷ್ಟು ಹೆಚ್ಚುತ್ತದೆ. ಮುಂದಿನ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು) ಹಳೆಯ ಲೆಕ್ಕದಲ್ಲೇ ಉಳಿದು, ಹಿಂಭಾಗ ಮಾತ್ರ ಪುಟಿಯತೊಡಗುತ್ತದೆ. ಆದ್ದರಿಂದ ದಪ್ಪವನ್ನು ಹಾಗೆಯೇ ಇಟ್ಟು ಕಮಾನನ್ನಷ್ಟೇ ಸರಿಪಡಿಸಿ.

ಬಿಚ್ಚುವ ಮೊದಲು ಸಮತಟ್ಟಾದ ನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಯಲ್ಲಿ ಅಳೆದು ಬರೆದಿಡಿ. ಕಣ್ಣಳತೆಯನ್ನೇ ನಂಬುವ ಮೇಸ್ತ್ರಿ ನಕ್ಕರೆ ನಗಲಿ. ಮೈಲ್ಡ್ ಸ್ಟೀಲ್ ಇಲ್ಲಿ ಕೆಲಸಕ್ಕೆ ಬಾರದು, ಇಎನ್ 45ರಂತಹ ಸ್ಪ್ರಿಂಗ್ ಉಕ್ಕೇ ಬೇಕು. ನಡುವಿನ ಬೋಲ್ಟಿನ ತೂತನ್ನು ಹದ ಹಾಕುವ ಮೊದಲೇ ಕೊರೆಸಿ, ಬಾಗಿಸಿದ ಪ್ಲೇಟನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಬಳಿಕ ತಪ್ಪದೆ ಟೆಂಪರ್ ಮಾಡಿಸಬೇಕು, ಅಂದರೆ ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸಿ ಪೆಡಸುತನ ತಗ್ಗಿಸಬೇಕು. ಆ ಹಂತ ಬಿಟ್ಟರೆ ಪ್ಲೇಟು ಪೆಡಸಾಗಿ, ಯಾವುದೋ ಗುಂಡಿಯಲ್ಲಿ ಲಟಕ್ಕನೆ ಮುರಿಯುತ್ತದೆ. ಗಿಡ್ಡ ಪ್ಲೇಟಿನ ತುದಿಯ ಚೂಪು ಅಂಚು ಪಕ್ಕದ ಪ್ಲೇಟನ್ನು ಗೀರಿ ಬಿರುಕಿಗೆ ದಾರಿ ಮಾಡುವುದರಿಂದ ಅದನ್ನು ಉಜ್ಜಿ ದುಂಡಗೆ ಮಾಡಿಸಿ. ಹದವಾದ ಪ್ಲೇಟಿನ ಮೇಲೆ ವೆಲ್ಡಿಂಗ್ ಎಲ್ಲಿಯೂ ಕೂಡದು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಿ.